ಎಂಟು ದಿನಕ್ಕೆಂದು ಕೊಟ್ಟ ದನಿ

ಮನೆಯಿಂದ,
ಹನ್ನೆರಡನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಸ್ಟುಡಿಯೋ ಹತ್ತಿರದ ಆ ರೂಮಿನಲ್ಲಿ ನೀರು ಸರಿಯಾಗಿ ಬರುತ್ತದೆಯೇ? ಡಬ್ಬಿಂಗ್ ಕೋಣೆಯ ಏಸಿ ಗಂಟಲಿಗೆ ಆಗುವುದಿಲ್ಲ, ಕತ್ತಿಗೆ ಏನಾದರೂ ಸುತ್ತಿಕೋ. ನಿನ್ನ ಮೇಲೆ ಮೈಯೆಲ್ಲ ಉರಿಯುತ್ತಿದ್ದರೂ ಇದನ್ನೆಲ್ಲ ಕೇಳದೆ ಇರಲಾಗುವುದಿಲ್ಲ ನನಗೆ, ಹಾಳು ಅಭ್ಯಾಸ. ಅಮ್ಮ ಚೆನ್ನಾಗಿದ್ದಾಳೆ. ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ; ಟೀವಿಯನ್ನು ಈಗ ನೋಡುವುದಿಲ್ಲ, ಕೇಳುತ್ತಾಳೆ.

ನನ್ನ ಗಂಟಲು ವಾಸಿಯಾಗಿದೆ. ಡಾಕ್ಟರು ಮಾತಾಡಬೇಡಿ ಅಂದದ್ದು ಎಂಟು ದಿನ, ನಿನ್ನನ್ನು ನನ್ನ ಬದಲಿಗೆ ಕಳಿಸಿದ್ದೂ ಎಂಟೇ ದಿನಕ್ಕೆ. ಒಂಬತ್ತನೇ ದಿನ ಹೋದರೆ ಡಬ್ಬಿಂಗ್ ಇನ್‌ಚಾರ್ಜ್ ದೆವ್ವ ಕಂಡವರ ಹಾಗೆ ನಿಂತುಬಿಟ್ಟರು. "ಅಯ್ಯೋ, ನಿಮ್ಗೆ ಮಾತು ಬರುತ್ತಾ? ಇನ್ಮೇಲೆ ಅಕ್ಕನಿಗೆ ದನಿ ಬರೋದೇ ಇಲ್ಲ ಅಂತ ನಿಮ್ಮ ತಂಗಿ ಅತ್ತುಬಿಟ್ರಲ್ಲ!" ಧಾರಾವಾಹಿಯ ಅತ್ತೆಗೆ ಇನ್ನೆರಡು ವರ್ಷ ನಿನ್ನದೇ ದನಿ ಎಂದು ಸಹಿಯೂ ಆಗಿದೆಯಂತೆ. ಆರು ವರ್ಷ ಆ ಅತ್ತೆಯ ತುಟಿ ನೋಡಿಕೊಂಡು ಅತ್ತವಳು, ಬೈದವಳು, ಕೆಮ್ಮಿದವಳು ನಾನು. ತೆರೆಯ ಮೇಲೆ ಒಂದು ದಿನವೂ ನನ್ನ ಹೆಸರು ಬರಲಿಲ್ಲ. ಈಗ ನಾನಿಲ್ಲ ಅನ್ನುವುದೂ ಯಾರಿಗೂ ಗೊತ್ತಾಗಿಲ್ಲ.

ಅದೂ ಹೋಗಲಿ ಪುಟ್ಟೀ, ಆ ಸಿಳ್ಳು! ಮುಂದಿನ ಹಲ್ಲು ಮುರಿದಿರುವುದರಿಂದ "ಸೊಸೆ" ಅಂದಾಗಲೆಲ್ಲ ನನ್ನ ಬಾಯಿಂದ ಸಿಳ್ಳು ಬರುತ್ತಿತ್ತು, ಅದೇ ಆ ಅತ್ತೆಯ ಗುರುತಾಯಿತು. ನಿನ್ನ ಹಲ್ಲು ಎಲ್ಲವೂ ಗಟ್ಟಿ. ಚಿಕ್ಕವರಿದ್ದಾಗ ಉಯ್ಯಾಲೆಯಿಂದ ತಳ್ಳಿ ನನ್ನ ಹಲ್ಲು ಮುರಿದವಳೂ ನೀನೇ, ಈಗ ಅದರ ಸಿಳ್ಳೂ ನಿನ್ನದೇ. ಮಾತಾಡಬಾರದೆಂದು ಅಡುಗೆಮನೆಯಲ್ಲಿ ಕೂತು, ನಾಲಿಗೆಯನ್ನು ಎಲ್ಲಿ ಒತ್ತಬೇಕೆಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ ಪೆದ್ದಿ ನಾನು.

ಅಮ್ಮನಿಗೆ ಏನೂ ಹೇಳಿಲ್ಲ. ಧಾರಾವಾಹಿ ಬರುವಾಗ ಪಕ್ಕದಲ್ಲೇ ಕೂರುತ್ತೇನೆ. "ಇವತ್ತು ಚೆನ್ನಾಗಿ ಮಾತಾಡಿದ್ದೀಯ ಕಣೆ" ಎಂದು ಮೊಣಕಾಲು ತಟ್ಟುತ್ತಾಳೆ, ನಾನು ಹೂಂ ಅನ್ನುತ್ತೇನೆ. ಒಡಹುಟ್ಟಿದವಳೇ ಬೆನ್ನಿಗೆ ಚೂರಿ ಹಾಕಿದಳು ಅಂತ ಗೊತ್ತಾದರೆ ಆ ಜೀವ ತಡೆಯುವುದಿಲ್ಲ. ನೀನು ಒಂದೇ ಒಂದು ಕೆಲಸ ಮಾಡು. ಇನ್‌ಚಾರ್ಜ್ ಮುಂದೆ ನಿಂತು, "ನಾನು ಹೇಳಿದ್ದು ಸುಳ್ಳು" ಅನ್ನು. ನನ್ನ ಕೆಲಸ ನನಗೆ ಬಿಟ್ಟುಕೊಡು. ಅಮ್ಮನಿಗೆ ತಿಳಿಯುವ ಮೊದಲೇ ಎಲ್ಲ ಸರಿಹೋಗಲಿ.

ದೊಡ್ಡವಳಾಗಿ ಹರಸದೆ ಮುಗಿಸಲು ಮನಸ್ಸು ಬರುತ್ತಿಲ್ಲ. ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

ವಿ.ಸೂ.: ಲಕೋಟೆ ಅಂಟಿಸುತ್ತಿದ್ದಾಗ ಯಾರಿಗೆ ಎಂದು ಅಮ್ಮ ಕೇಳಿದಳು. ನಿನಗೆ ಅಂದೆ. "ಅವಳನ್ನ ಬೈಬೇಡ ಕಣೆ. ನಿನಗೆ ಆರು ವರ್ಷ ಸಿಕ್ತಲ್ಲ, ಅವಳಿಗೂ ಒಂದು ದಾರಿ ಆಗ್ಲಿ ಅಂತ, ಅಕ್ಕನಿಗೆ ಇನ್ನು ದನಿ ಬರಲ್ಲ ಅಂತ ಹೇಳು ಅಂದಿದ್ದು ನಾನೇ" ಅಂದಳು. ಹಾಗಾಗಿ ನೀನು ಇನ್‌ಚಾರ್ಜ್ ಹತ್ತಿರ ಹೋಗಬೇಡ, ಏನನ್ನೂ ಒಪ್ಪಿಕೊಳ್ಳಬೇಡ. ಎದುರಿಗೇ ಟೀವಿ ಹಾಕಿಕೊಂಡು ಕೂತಿದ್ದಾಳೆ. ಇನ್ನು ಈ ಮನೆಯಲ್ಲಿ ನಾನು ಯಾರ ಹತ್ತಿರ ಮಾತಾಡಲಿ?