ಪದ್ಮರಾಜಯ್ಯನವರ ಫಿಯಟ್ಟಿನ ಮುಳ್ಳು

ತಮ್ಮ ಚನ್ನಬಸವನಿಗೆ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಸುಮ್ಮನೆ ಕೂತು ಓದು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕಬೇಡ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದು ಯಾವ ಊರಿನ ಪದ್ಧತಿ ಹೇಳು? ಹಳೇಬೀಡಿನ ಪದ್ಮರಾಜಯ್ಯನವರ ಫಿಯಟ್ ಕಾರಿನ ನಾಲ್ಕು ಮೀಟರು ಬಿಚ್ಚಿ ಬಿಸ್ಕತ್ತಿನ ಡಬ್ಬಿಗೆ ತುಂಬಿದೆ. 'ಅಕ್ಕ, ಎದೆ ಯಾಕೋ ಉರೀತೈತೆ, ಒಂದ್ ಗಳಿಗೆ ಮಲಗಿ ಬತ್ತೀನಿ' ಅಂದೆ. ಮಲಗಿದವನು ಎದ್ದೆಯಾ? ನಿನಗಿಂತ ಆರು ವರ್ಷ ದೊಡ್ಡವಳು ನಾನು. ಹೋಗುವುದಿದ್ದರೆ ಸರದಿ ಪ್ರಕಾರ ಹೋಗಬೇಕು ಎನ್ನುವ ಬುದ್ಧಿಯಾದರೂ...

ಇರಲಿ. ವಿಷಯಕ್ಕೆ ಬರುತ್ತೇನೆ.

ನಿನ್ನ ಶಿವಗಣಾರಾಧನೆ ಮುಗಿದ ಮರುವಾರವೇ ಪದ್ಮರಾಜಯ್ಯನವರು ನಿನ್ನ ಗಡಿಯಾರ, ಮೀಟರು ರಿಪೇರಿ ಅಂಗಡಿಗೆ ಬಂದರು. 'ಗಂಗಮ್ಮನವರೇ, ಹೀಗಾಗಬಾರದಿತ್ತು. ಆ ಮೀಟರುಗಳನ್ನ ಕೊಟ್ಬಿಡಿ. ಬೆಂಗಳೂರಲ್ಲಿ ಯಾರೋ ಇದಾರಂತೆ, ಒಳಗಿಂದೆಲ್ಲ ಕಿತ್ತು ಹೊಸದು ಕೂರಿಸ್ತಾರಂತೆ' ಎಂದರು. ಕಿತ್ತು ಎಂದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಆ ಮೀಟರುಗಳ ಮುಖದ ಮೇಲಿನ ಒಂದೊಂದು ಅಂಕಿಯೂ ನನ್ನ ಕೈಯದು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಇಂಗ್ಲಿಷ್ ಅಂಕಿ ಕಲಿತದ್ದು ನಿನ್ನ ಅಂಗಡಿಯ ಗಡಿಯಾರಗಳನ್ನು ನೋಡಿ. ಗಂಡ ಹೋದ ಮೇಲೆ ಮಗನನ್ನು ಕಂಕುಳಲ್ಲಿಟ್ಟುಕೊಂಡು ನಿನ್ನ ಬಾಗಿಲಿಗೆ ಬಂದಾಗ ನೀನು ಸಮಾಧಾನದ ಮಾತು ಆಡಲಿಲ್ಲ, ಒಂದು ಸಣ್ಣ ಬ್ರಷ್ಷು ಕೊಟ್ಟೆ. ಅಂದಿನಿಂದ ಮೀಟರಿನ ಮುಖ ನನ್ನದು, ಹೊಟ್ಟೆ ನಿನ್ನದು. ಹೊಟ್ಟೆಗೆ ಕೈ ಹಾಕಲು ಹೋದರೆ 'ಅಕ್ಕ, ನಿನ್ನ ಕೈ ಭಾರ' ಅನ್ನುತ್ತಿದ್ದೆ. ಮುದ್ದೆ ಕಟ್ಟುವಾಗ ಮಾತ್ರ ನನ್ನ ಕೈ ಹಗುರ, ಅಲ್ಲವೇನೋ?

'ಅಮಾವಾಸ್ಯೆ ತನಕ ಟೈಮ್ ಕೊಡಿ ಸ್ವಾಮಿ' ಎಂದೆ. 'ನನ್ ಕೈಲಿ ಆಗಲಿಲ್ಲ ಅಂದ್ರೆ ಡಬ್ಬಿನೂ ಕೊಡ್ತೀನಿ, ಅಂಗಡಿಗೆ ಬೀಗನೂ ಹಾಕ್ತೀನಿ.' ನನ್ನ ಮಗ ಶಿವಣ್ಣ ಅಲ್ಲೇ ನಿಂತಿದ್ದ. ಅಂಗಡಿಯನ್ನು ಕೊಬ್ಬರಿ ವ್ಯಾಪಾರದವರಿಗೆ ಬಿಟ್ಟುಕೊಡೋಣ ಎಂದು ಅವನು ಆಗಲೇ ಮಾತಾಡಿಟ್ಟಿದ್ದ. 'ಮೊಮ್ಮಕ್ಕಳ ಜೊತೆ ಇರೋದು ಬಿಟ್ಟು ಇದ್ಯಾಕವ್ವಾ?' ಎಂದ. 'ಮೊಮ್ಮಕ್ಕಳಿಗೆ ಅವರವ್ವ ಅವಳೆ, ಈ ಡಬ್ಬಿಗೆ ಯಾರವ್ರೋ?' ಎಂದೆ.

ಪೆಟ್ರೋಲ್ ಮೀಟರು ಸುಲಭಕ್ಕೆ ಬಗ್ಗಿತು. ತಂತಿಯ ತುದಿಗೆ ಹಸಿರು ಕಿಲುಬು ಕಟ್ಟಿತ್ತು, ಕೆರೆದೆ. ಇಂಜಿನ್ ಕಾವು ತೋರಿಸುವ ಮೀಟರಿನ ತಾಮ್ರದ ಬಾಲವನ್ನು ಬಿಸಿನೀರಿನ ಚೊಂಬಿಗೆ ಅದ್ದಿದೆ, ಮುಳ್ಳು ಮೇಲೇರಿತು. ಆಂಪ್ ಮೀಟರಿಗೆ ಮಾತ್ರ ತಂತಿ ಅದಲು ಬದಲು ಕೊಟ್ಟುಬಿಟ್ಟೆ. ಬ್ಯಾಟರಿ ತುಂಬುತ್ತಿದ್ದರೆ ಖಾಲಿಯಾಗುತ್ತಿದೆ ಎಂದು ತೋರಿಸುತ್ತಿತ್ತು. ನಗಬೇಡ, ಅದನ್ನೂ ಸರಿ ಮಾಡಿದೆ.

ಅಂಗಡಿ ಮುಂದೆ ನಿಂತಿದ್ದ ಕಾರಿನ ಸ್ಟೇರಿಂಗೂ ಸಡಿಲವಾಗಿತ್ತು, ಆದರೆ ಅದು ನಮ್ಮಿಬ್ಬರ ವಿದ್ಯೆಯೂ ಅಲ್ಲ. ಅದರ ಕೊಳವೆ ಬಿಚ್ಚಿಸಿ ಲೇತ್ ಮಲ್ಲೇಶಿಯ ಹತ್ತಿರ ಹೊತ್ತುಕೊಂಡು ಹೋದೆ. ಕೊಳವೆಯ ಮೇಲ್ತುದಿಯ ಬುಷ್ಷು, ಅದೇ ಆ ಲೋಹದ ಬಳೆ, ಸವೆದು ಚಕ್ರ ಗಡಗಡ ಅಲ್ಲಾಡುತ್ತಿತ್ತು. 'ಬಾಳ ಆಟ ಆಡ್ತೈತೆ ಗಂಗಮ್ಮ' ಎಂದ. 'ನಿನ್ನಷ್ಟು ಆಡಲ್ಲ, ಬೇಗ ಮಾಡು' ಎಂದೆ. ಹಿತ್ತಾಳೆಯಲ್ಲಿ ಹೊಸ ಬುಷ್ಷು ಕಡೆದು ಕೂರಿಸಿದ. ಚಕ್ರದ ಬಿರುಕುಗಳಿಗೆ ಅಂಟು ತುಂಬಿ, ಉಜ್ಜಿ, ಕಪ್ಪು ಬಣ್ಣ ಕೊಟ್ಟವಳು ನಾನು. ಈಗ ಒಂದು ಬೆರಳಲ್ಲಿ ತಿರುಗಿಸಬಹುದು.

ಸ್ಪೀಡೋಮೀಟರಿನ ಹೊಟ್ಟೆ ಬಿಚ್ಚಿಟ್ಟು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ನಿನ್ನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದರೆ, ಮುಳ್ಳನ್ನು ಹಿಂದಕ್ಕೆಳೆಯುವ ಕೂದಲೆಳೆಯಂಥ ಸ್ಪ್ರಿಂಗು ಸಡಿಲವಾಗಿತ್ತು. ಅದನ್ನು ಬಿಗಿ ಮಾಡುವ ಪುಟ್ಟ ಕಡ್ಡಿಯ ಪಕ್ಕದಲ್ಲಿ ಎರಡು ಗುರುತು. ಒಂದು ಕಾರ್ಖಾನೆಯವರು ಕೊರೆದ ಗೆರೆ, ಇನ್ನೊಂದು ನಿನ್ನ ಸೂಜಿಯ ಗೀರು. ಕಡ್ಡಿ ನಿನ್ನ ಗೀರಿನ ಮೇಲಿತ್ತು. ವರ್ಷಗಳಾಗಿ ಜಾರಿರಬೇಕು ಎಂದುಕೊಂಡು ಕಾರ್ಖಾನೆಯ ಗೆರೆಗೆ ತಂದು ಕೂರಿಸಿದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಕಾರು ಹಳೇಬೀಡಿಗೆ ಹೊರಟಿತು. ಪದ್ಮರಾಜಯ್ಯನವರು ಓಡಿಸಿದರು, ಪಕ್ಕದಲ್ಲಿ ನಾನು. ಅರಸೀಕೆರೆ ದಾಟಿ ರಸ್ತೆ ನೆಟ್ಟಗಾದಾಗ ಅವರ ಮುಖ ಸಣ್ಣದಾಯಿತು. 'ಮೀಟರು ಸರಿ ಇಲ್ಲಮ್ಮ. ಮೂವತ್ತು ವರ್ಷದಿಂದ ಓಡಿಸ್ತಿದೀನಿ. ಇಂಜಿನ್ ಈ ಸದ್ದು ಮಾಡ್ತು ಅಂದ್ರೆ ಐವತ್ತು. ಇದು ನಲವತ್ತು ತೋರಿಸ್ತಿದೆ.' ಆಮೇಲೆ, 'ಬೇಜಾರು ಮಾಡ್ಕೋಬೇಡಿ, ಬೆಂಗಳೂರಿಗೇ ಕಳಿಸ್ತೀನಿ' ಎಂದರು. ಕೊಬ್ಬರಿ ಮೂಟೆಗಳು ಆಗಲೇ ನಿನ್ನ ಬೆಂಚಿನ ಮೇಲೆ ಬಂದು ಕೂತ ಹಾಗಾಯಿತು.

'ಇದೇ ನಲವತ್ತರಲ್ಲಿ ಹಿಡಿದು ಓಡಿಸಿ' ಎಂದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಬಂದಾಗ ಗಡಿಯಾರ ನೋಡಿದೆ. ಮುಂದಿನ ಕಲ್ಲಿಗೆ ಒಂದೂವರೆ ನಿಮಿಷ. ಅದರ ಮುಂದಿನದಕ್ಕೂ ಒಂದೂವರೆ ನಿಮಿಷ. ನೀನು ಪ್ರತಿ ಟ್ರಯಲ್‌ನಲ್ಲೂ ಗೊಣಗುತ್ತಿದ್ದ ಲೆಕ್ಕ ನನ್ನ ಕಿವಿಗೆ ಬೀಳದೆ ಇರುತ್ತಿತ್ತೇ? ಕಲ್ಲಿಂದ ಕಲ್ಲಿಗೆ ಒಂದು ನಿಮಿಷವಾದರೆ ಅರವತ್ತು, ಒಂದೂವರೆಯಾದರೆ ನಲವತ್ತು. 'ಮೀಟರು ನೆಟ್ಟಗೈತೆ ಸ್ವಾಮಿ, ನಿಮ್ಮ ಕಿವೀನೇ ಸರಿ ಇಲ್ಲ' ಎಂದೆ. ಮೂರನೆಯ ಕಲ್ಲಿಗೆ ಅವರೂ ತಮ್ಮ ಗಡಿಯಾರ ನೋಡಿದರು. ಆಮೇಲೆ ಕೇಳಿದ ಮಾತು ನನಗೆ ಚುಚ್ಚಿತು. 'ಹಾಗಾದ್ರೆ ಚನ್ನಬಸವಣ್ಣ ಇಷ್ಟು ವರ್ಷ ನಮಗೆ ಕೊಟ್ಟಿದ್ದು ತಪ್ಪು ಮೀಟರಾ?'

ಕಿಟಕಿಯ ಕಡೆ ಮುಖ ತಿರುಗಿಸಿದೆ ಕಣೋ. ಆ ಗೀರು ನಿನ್ನದೇ ಎಂದು ನನಗೆ ಗೊತ್ತಿತ್ತಲ್ಲ. ನಿನ್ನ ಕೈ ತಪ್ಪಿತ್ತೇ? ಇಲ್ಲವೇ, ತಪ್ಪಿದ್ದು ಗೊತ್ತಿದ್ದೂ...

ಹಳೇಬೀಡಿನ ಅವರ ಮನೆಯ ಜಗುಲಿಯಲ್ಲಿ ತಾಯಿ ಚಂದ್ರಮತಮ್ಮ ಕೂತಿದ್ದರು. ತೊಂಬತ್ತು ದಾಟಿದೆ, ಕಿವಿ ಇನ್ನೂ ಚುರುಕು. ಮಗ ನಡೆದದ್ದನ್ನು ಹೇಳುತ್ತಿದ್ದಂತೆ ಆಕೆ ಸೆರಗನ್ನು ಬಾಯಿಗೆ ಹಿಡಿದು ನಗತೊಡಗಿದರು. 'ಪದ್ದು, ಅದು ನಿಮ್ಮಪ್ಪ ಮಾಡಿಸಿದ್ದು ಕಣೋ. ನಿನ್ ಕೈಗೆ ಕಾರು ಕೊಡೋಕೆ ಮುಂಚೆ ಚನ್ನಬಸವಣ್ಣನ ಹತ್ರ ಹೋಗಿ, ಹತ್ತು ಜಾಸ್ತಿ ತೋರಿಸೋ ಹಂಗೆ ಮಾಡಿಸ್ಕೊಂಡು ಬಂದ್ರು. ಆಗ ನಿನ್ ಕಾಲು ಅಷ್ಟು ಭಾರ ಇತ್ತು.'

ಪದ್ಮರಾಜಯ್ಯನವರು ಮೆಟ್ಟಿಲ ಮೇಲೆ ಕೂತುಬಿಟ್ಟರು. 'ಬೇಲೂರು ರೋಡಲ್ಲಿ ಬಸ್ಸು, ಲಾರಿ, ಕೊನೆಗೆ ತೆಂಗಿನಕಾಯಿ ಟೆಂಪೋನೂ ನನ್ನ ಹಿಂದಾಕಿ ಹೋಗ್ತಿದ್ವು. ಹುಚ್ಚರು ಅಂತ ಎಲ್ಲರನ್ನೂ ಬೈತಿದ್ದೆನಲ್ಲಮ್ಮ.'

'ಬೈಕೊಂಡು ಬೈಕೊಂಡೇ ಅರವತ್ತು ವರ್ಷ ತುಂಬಿಸ್ದೆ ಪದ್ದು. ಸಾಕು ಬಿಡು.'

ಒಂದು ಗಳಿಗೆ ನಿನ್ನ ಕೆಲಸದ ಮೇಲೆ ಅನುಮಾನಪಟ್ಟೆ. ತಪ್ಪಾಯಿತು ಎಂದು ಕೇಳಿಕೊಳ್ಳುವವಳಲ್ಲ ನಾನು, ತಪ್ಪು ನಿನ್ನದು. ಒಂದೇ ಬೆಂಚಿನ ಆ ಕಡೆ ನೀನು, ಈ ಕಡೆ ನಾನು. ಆ ಮೀಟರಿನ ಮುಖಕ್ಕೆ ಅಂಕಿ ಬರೆಯುತ್ತಿದ್ದವಳಿಗೆ, 'ಅಕ್ಕ, ನೀನು ಬರೆದ ಅಂಕಿಗೆ ಮುಳ್ಳು ಸುಳ್ಳು ಹೇಳುತ್ತದೆ' ಎಂದು ಒಂದು ಮಾತು ಹೇಳಬಾರದಿತ್ತೇ? ಊರಿಗೆಲ್ಲ ಹೇಳಿಬಿಡುತ್ತಾಳೆ ಎಂದು ಹೆದರಿದೆಯಾ? ಹೇಳುತ್ತಿದ್ದೆ, ಅದು ಬೇರೆ ಮಾತು.

ಊಟ ಮುಗಿಸಿ ಹೊರಡುವಾಗ ಪದ್ಮರಾಜಯ್ಯನವರು ನನ್ನನ್ನು ಕಾರಿನ ಆಚೆ ಬದಿಗೆ ಕರೆದರು. ದನಿ ತಗ್ಗಿಸಿ, 'ಗಂಗಮ್ಮನವರೇ, ಮಗಳು ಕಾರು ಕಲಿತಿದಾಳೆ, ಇನ್ನೇನು ಲೈಸೆನ್ಸ್ ಬರುತ್ತೆ. ಆ ಮುಳ್ಳು ಮೊದಲು ಹೆಂಗಿತ್ತೋ ಹಂಗೇ...' ಎಂದರು.

ನಗು ಬಂತು, ನುಂಗಿಕೊಂಡೆ. 'ಆ ಕೆಲಸ ಮಾಡೋನು ಹೋದ ಸ್ವಾಮಿ. ನನಗೆ ಬರೋದು ನೆಟ್ಟಗಿರೋ ಮುಳ್ಳು ಒಂದೇ. ನಿಧಾನ ಹೋಗವ್ವ ಅಂತ ಮಗಳಿಗೆ ಬಾಯಲ್ಲಿ ಹೇಳಿ.'

'ಕೇಳಲ್ಲಮ್ಮ ಅವಳು.'

'ನಿಮಗೆ ಯಾರಾದ್ರೂ ಬಾಯಲ್ಲಿ ಹೇಳಿದ್ರಾ?'

ಅವರು ಕಾರಿನ ಕಿಟಕಿಯೊಳಗೆ ಬಗ್ಗಿ ಸುಮಾರು ಹೊತ್ತು ಮೀಟರು ನೋಡಿದರು. ಆಮೇಲೆ 'ಇಲ್ಲ' ಎಂದರು. 'ಇರ್ಲಿ ಬಿಡಿ, ಹಿಂಗೇ ಇರ್ಲಿ.'

ಅಂಗಡಿಗೆ ಬೀಗ ಬೀಳಲಿಲ್ಲ. ಶಿವಣ್ಣ ಕೊಬ್ಬರಿಯವರಿಗೆ ಇಲ್ಲ ಎಂದು ಹೇಳಿ ಬಂದ, ನನ್ನ ಎದುರಿಗೇ ಹೇಳಿಸಿದೆ. ನಿನ್ನ ಜಾಗದಲ್ಲಿ ಈಗ ನಾನು ಕೂರುತ್ತೇನೆ. ಮೊನ್ನೆ ಬೇಲೂರಿನಿಂದ ಒಂದು ಹಳೇ ಜೀಪಿನ ಮೀಟರು ಬಂತು. ಬಿಚ್ಚಿದರೆ ಅದರೊಳಗೂ ನಿನ್ನ ಗೀರು. ಅದು ಯಾರ ಅಪ್ಪ ಬಂದು ಹೇಳಿದ್ದು? ಇಲ್ಲವೇ ಯಾರ ಹೆಂಡತಿ? ಜೀಪಿನವನಿಗೆ ಏನೂ ಗೊತ್ತಿಲ್ಲ, ಅವನ ಮನೆಯಲ್ಲಿ ಹೇಳುವ ಹಿರಿಯರೂ ಯಾರೂ ಉಳಿದಿಲ್ಲ. ಈ ಮೂರು ತಾಲ್ಲೂಕಿನಲ್ಲಿ ಇನ್ನೂ ಎಷ್ಟು ಮುಳ್ಳು ಹೀಗೆ ತಿರುಗಿಸಿದ್ದೀಯ, ಯಾರ ಮಾತಿಗೆ, ಯಾರ ಜೀವಕ್ಕೆ ಹೆದರಿ, ಒಂದೂ ಬಿಡದೆ ಹೇಳು. ಗಿರಾಕಿಗಳಿಗೆ ಬಿಡಿಸಿ ಹೇಳಬೇಕಾದವಳು ಈಗ ನಾನು. ಮೀಟರು ಕೂರಿಸಿಕೊಳ್ಳಲು ಜೀಪು ಮುಂದಿನ ತಿಂಗಳ ಮೊದಲ ವಾರ ಬಂದು ನಿಲ್ಲುತ್ತದೆ. ಕನಸಿಗಾದರೂ ಬಾ, ಮಾತು ನುಂಗದೆ ಹೇಳು. ಈ ತಿಂಗಳು ಮುಗಿಯುವುದರೊಳಗೆ ಉತ್ತರ ಬರಬೇಕು.