ಮಗಳ ನೌಕರಿಯ ಗುಳಗಿ

ಅಂದೋಲಾ
೧೨-೮-೧೯೮೭

ಚಿ. ಕಸ್ತೂರಿಗೆ ಅಪ್ಪನ ಆಶೀರ್ವಾದಗಳು.

ಡಾಕ್ಟರ ಚೀಟಿ, ಔಷಧದಂಗಡಿಯ ರಸೀದಿ ಇದರೊಳಗೆ ಇಟ್ಟಿದ್ದೇನೆ. ನಿನ್ನ ಕಚೇರಿಗೆ ಕೊಡು.

ಮಗಳ ದುಡಿಮೆ ಮುಟ್ಟಬಾರದೆಂದು ಹಟ ಹಿಡಿದು, ತಲೆ ತಿರುಗಿದ ದಿನ ಮಾತ್ರ ಬಿ.ಪಿ. ಗುಳಗಿ ನುಂಗುತ್ತಿದ್ದೆ. ತಂದೆ ತಾಯಿಯ ಔಷಧದ ಖರ್ಚನ್ನು ಸರಕಾರವೇ ಕೊಡುತ್ತದೆಂದು ನೀನು ಬರೆದ ಮೇಲೆ ದಿನಾಲೂ ನುಂಗುತ್ತಿದ್ದೇನೆ.

ನಿನ್ನೆ ಜೇವರ್ಗಿಯ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿ ನಕ್ಕರು. "ಬಿ.ಪಿ. ಇಳದದಲ್ರಿ! ಈಗ ಗುಳಗಿ ತಪ್ಪಸಲ್ಲೇನ್ರಿ?"

"ಇಲ್ರಿ. ಖರ್ಚು ಸರಕಾರ ಕೊಡ್ತದ."

"ಮಗ ನೌಕರಿ ಮಾಡ್ತಾನೇನ್ರಿ?"

"ಮಗ ಅಲ್ರಿ, ಮಗಳು! ಕಲಬುರ್ಗಿ ಕಚೇರಿದಾಗ ಟೈಪ್ ಮಾಡ್ತಾಳ, ನಮ್ಮ ಕಸ್ತೂರಿ!" ಎಂದೆ, ಹೊರಗೆ ಕೂತವರಿಗೂ ಕೇಳುವ ಹಾಗೆ.

ನಿನ್ನ ತಂದೆ,
ಚಂದ್ರಾಮಪ್ಪ