ಮುರಿದ ಬೋಣಿ

ಸೇಡಂ ರಸ್ತೆ, ಕಲಬುರಗಿ
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ತಮ್ಮ ಆನಂದಾ,

ಹೇಗಿದ್ದೀಯ? ಪುಣೆಯಲ್ಲಿ ಚಳಿ ಶುರುವಾಗಿರಬೇಕು. ಬೆನ್ನುನೋವು ಕಡಿಮೆಯಾಯಿತೇ? ಒಂದೇ ಸಮನೆ ಕುರ್ಚಿಗೆ ಅಂಟಿಕೊಂಡಿರಬೇಡ ಎಂದು ರೇವತಿ ಹೇಳುವುದನ್ನು ಹೆಂಡತಿಯ ಮಾತೆಂದು ತಳ್ಳಿಹಾಕಬೇಡ, ಅಕ್ಕನ ಮಾತೂ ಅದೇ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಕಾಲೇಜಿನ ಮೆಟ್ಟಿಲು ಹತ್ತುವಾಗ ಮಾತ್ರ ತಾನಿದ್ದೇನೆ ಎನ್ನುತ್ತದೆ.

ಎರಡು ದಿನದಿಂದ ಒಂದು ಮಾತು ತಲೆಯಲ್ಲಿ ಸುತ್ತುತ್ತಿದೆ. "ಮೊದಲ ಬಂದಾಂವ ದೇವರು, ಎರಡನೇದಾಂವ ಬೀಗ..." ಮೂರನೆಯವನು ಯಾರು? ಕಮಲಾಪುರದ ಬೇವಿನ ಮರದ ಕೆಳಗೆ ಬಾಳೆಹಣ್ಣಿನ ಬುಟ್ಟಿ ಇಳಿಸುವಾಗ ಮರೆಮ್ಮತ್ತೆ ದಿನಾ ಅನ್ನುತ್ತಿದ್ದಳಲ್ಲ? ಪುಟಗಟ್ಟಲೆ ಕವಿತೆ ಬಾಯಿಪಾಠ ಹೇಳುವ ನನಗೆ ನಮ್ಮ ಮನೆಯ ಒಂದು ಮಾತು ಪೂರ್ತಿ ನೆನಪಿಲ್ಲ. ಮೂರನೆಯವನು ಹಾಗಿರಲಿ, ಈಗ ಮೊದಲನೆಯವನ ಬಗ್ಗೆಯೇ ನನಗೆ ಸಂಶಯ. ಹಣ್ಣು ಮುಟ್ಟಿ, ಮೂಸಿ, ಚೌಕಾಸಿ ಮಾಡಿ, ಒಂದೂ ಕೊಳ್ಳದೆ ಎದ್ದು ಹೋಗುವವನು ಎಂಥ ದೇವರು? ಅಂಥವರನ್ನು ಅಲ್ಲಿಗೆ ಕಳಿಸಿದವನು ನನ್ನ ತಮ್ಮನೇ ಎಂದು ತಿಳಿದ ಮೇಲೆ ಕೇಳುತ್ತಿದ್ದೇನೆ.

ನೀನು ಹೆಮ್ಮೆಯಿಂದ ಕಳಿಸಿದ ಅರ್ಥಶಾಸ್ತ್ರದ ಲೇಖನ ಓದಿದೆ. "ಉತ್ತರ ಕರ್ನಾಟಕದ ಒಂದು ಹೆದ್ದಾರಿ ಪಟ್ಟಣ" ಎಂದು ಬರೆದು ಊರಿನ ಹೆಸರು ಮರೆಮಾಚಿದ್ದೀಯ. ಕೆಂಪು ಬಾಳೆಹಣ್ಣು, ಬೇವಿನ ಮರ, ಬೀದರ ಕಡೆಗೆ ಹೋಗುವ ಬಸ್ಸು ಇಷ್ಟೂ ಇದ್ದ ಮೇಲೆ ಕಮಲಾಪುರವನ್ನು ಮುಚ್ಚಿಡಲು ಬರುತ್ತದೆಯೇ? ನಮ್ಮ ಅತ್ತೆ ಅದರಲ್ಲಿ "ನಾಲ್ಕನೆಯ ಮಾರಾಟಗಾರ್ತಿ" ಆಗಿದ್ದಾಳೆ. ಅವಳನ್ನೂ ಏಕೆ ಸೇರಿಸಿದೆ ಎಂದು ಫೋನಿನಲ್ಲಿ ಕೇಳಿದಾಗ ನೀನು ಏನೆಂದೆ, ನೆನಪಿದೆಯೇ? "ಅತ್ತೀನ್ನ ಬಿಟ್ರ ಸ್ಯಾಂಪಲ್ ಕೆಡ್ತದ ಅಕ್ಕಾ." ಆಮೇಲೆ ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದದ ಮಾತಿಗೆ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ.

ನಾನು ಓದಿದ್ದು ಕನ್ನಡ ಎಂ.ಎ., ಆದರೂ ನಿನ್ನ ಪ್ರಶ್ನೆ ನನಗೆ ಅರ್ಥವಾಗಿದೆ. ದಿನದ ಮೊದಲ ವ್ಯಾಪಾರ, ನಮ್ಮ ಬೋಣಿ, ಮುರಿದುಬಿದ್ದರೆ ಮಾರುವವರು ಮುಂದಿನ ಗಿರಾಕಿಗೆ ಬೆಲೆ ಎಷ್ಟು ಇಳಿಸುತ್ತಾರೆ? ಅದನ್ನು ನೋಡಲು ಬೆಳಿಗ್ಗೆ ಬೆಳಿಗ್ಗೆ ಸುಳ್ಳು ಗಿರಾಕಿಗಳನ್ನು ಕಳಿಸಿದೆ. ಅವರು ಚೌಕಾಸಿ ಮಾಡಿ ಬರಿಗೈಲಿ ಹೋಗಬೇಕು, ಹಿಂದಿನಿಂದ ಬಂದವನು ಕೊಂಡು ಬೆಲೆ ಬರೆದುಕೊಳ್ಳಬೇಕು. ವಾರಗಟ್ಟಲೆ ಇದೇ ನಡೆಯಿತು. ಅಂಜಿದವರು ಅಗ್ಗಕ್ಕೆ ಮಾರುತ್ತಾರೆ ಎಂಬುದನ್ನು ಕೊನೆಗೆ ಕಂಡುಹಿಡಿದೆ. ಇರಲಿ, ಅದು ನಿಜವೂ ಇರಬಹುದು. ಮನುಷ್ಯರು ಕೊಳ್ಳುವ ಮಾರುವ ರೀತಿಯನ್ನು ಕೂತು ಯೋಚಿಸುವವರು ಬೇಕು, ಬೇಡ ಎನ್ನುವವಳಲ್ಲ ನಾನು. ಪರ ಊರಿನ ಪಂಡಿತನೊಬ್ಬ ಬೋಣಿ ಎಂದರೇನೆಂದು ತಿಳಿಯದೆ ಹೀಗೆ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ನಿನಗೆ ಗೊತ್ತಿತ್ತಲ್ಲ ಆನಂದಾ! ರಜೆಯಲ್ಲಿ ಕಮಲಾಪುರಕ್ಕೆ ಹೋದಾಗ ಆ ಹಣ್ಣಿನ ಸಾಲಿನ ಹೆಂಗಸರು ನಿನ್ನನ್ನೇ ಕರೆದು ಬೋಣಿ ಮಾಡಿಸುತ್ತಿದ್ದರು. ಅಪ್ಪ ಕೊಟ್ಟ ಚಿಲ್ಲರೆ ಹಿಡಿದು ಬುಟ್ಟಿಯಿಂದ ಬುಟ್ಟಿಗೆ ಹೋಗುತ್ತಿದ್ದೆ. ಆನಂದನ ಕೈಗುಣ ಚಲೋ ಎನ್ನುತ್ತಿದ್ದರು. ಬೋಣಿಯಾಗುವ ತನಕ ಅತ್ತೆ ಚಹಾ ಸಹ ಮುಟ್ಟುವುದಿಲ್ಲ ಎಂಬುದು ನಿನಗೆ ಗೊತ್ತು. ಬೋಣಿ ಮುರಿದರೆ ಬುಟ್ಟಿಗೆ ನೀರು ಚಿಮುಕಿಸಿ, ಅದರ ದಿಕ್ಕು ತಿರುಗಿಸಿ, ಬಂದವರಿಗೆ ಬಂದ ಬೆಲೆಗೆ ಕೊಟ್ಟು ಕೈಮುಗಿಯುತ್ತಾಳೆ ಎಂಬುದೂ ಗೊತ್ತು. ಅವಳ ತೊಡೆಯ ಮೇಲೆ ಕೂತು ಕಲಿತದ್ದನ್ನೇ ಅವಳಿಗೆ ಬಲೆ ಮಾಡಿ ಬೀಸಿದೆ. ಬೇರೆ ಊರಿನವನಿಗೆ ಈ ಉಪಾಯ ಹೊಳೆಯುತ್ತಲೇ ಇರಲಿಲ್ಲ.

ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ವಾಕ್ಯವಿದೆ: ಅಧ್ಯಯನದಿಂದ ಯಾರಿಗೂ ತೊಂದರೆಯಾಗಿಲ್ಲ. ಅದನ್ನು ಓದಿ ಮೈ ಉರಿಯಿತು. ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಕಮಲಾಪುರಕ್ಕೆ ಹೋದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ, ಕೇಳು.

ಅತ್ತೆಯ ಓಣಿಯಲ್ಲಿ ಕಾವೇರಿ ಎಂಬ ಹುಡುಗಿ ಇದ್ದಾಳೆ. ಬೇಸಿಗೆಯಲ್ಲಿ ಗಂಡ ಲಾರಿ ಅಪಘಾತದಲ್ಲಿ ಹೋದ. ಶ್ರಾವಣದಲ್ಲಿ ಅತ್ತೆಯೇ ಅವಳಿಗೆ ಬುಟ್ಟಿ ಕೊಡಿಸಿ, ಹಣ್ಣು ಹೊಂದಿಸಿಡುವುದನ್ನು ಕಲಿಸಿ, ತನ್ನ ಮಗ್ಗುಲಲ್ಲಿ ಕೂರಿಸಿಕೊಂಡಳು. ಗಂಡ ಸತ್ತವಳನ್ನು ಬೆಳಗಿನ ವ್ಯಾಪಾರಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವುದಕ್ಕೆ ಧೈರ್ಯ ಬೇಕು, ಅದು ನಮ್ಮ ಅತ್ತೆಗಿತ್ತು. ಅದಾಗಿ ಸ್ವಲ್ಪ ದಿನಕ್ಕೇ ನಿನ್ನ ದೇವರುಗಳು ಬರತೊಡಗಿದರು. ದಿನಾ ಹೊಸ ಮುಖ, ದಿನಾ ಮುರಿದ ಬೋಣಿ. ಕಾರಣ ಹುಡುಕದೆ ಇರಲು ಅವರೇನು ಕಲ್ಲೇ? ಸಾಲಿನ ತುದಿಯ ಮುದುಕಿ ಒಂದು ದಿನ ಕಾವೇರಿಯ ಎದುರಿಗೇ ಅಂದಳಂತೆ: "ಈಕಿ ಕಾಲಿಟ್ಟ ಮ್ಯಾಲೆ ನಮ್ಮ ಬುಟ್ಟಿಗೆ ಬರೇ ಮೂಸಿ ನೋಡೋರs ಬರಾಕತ್ತ್ಯಾರ." ಕೆಲವು ದಿನ ಅತ್ತೆ ಜಗಳಾಡಿದಳು. ಆಮೇಲೆ ಅವಳಿಗೂ ಅಂಜಿಕೆ ಹೊಕ್ಕಿತು. ಕಾವೇರಿಯ ಬುಟ್ಟಿಯನ್ನು ತಾನೇ ಎತ್ತಿ ಸೇತುವೆಯ ಆಚೆ ಇಟ್ಟು ಬಂದಳು.

ಇನ್ನೂ ಕೇಳು. ಅದೇ ವಾರ ನಿನ್ನ ಅಧ್ಯಯನ ಮುಗಿಯಿತು. ಸುಳ್ಳು ಗಿರಾಕಿಗಳು ನಿಂತರು, ಬೋಣಿ ಮೊದಲಿನಂತೆ ಆಗತೊಡಗಿತು. ಇಡೀ ಸಾಲಿಗೆ ಈಗ ಯಾವ ಸಂಶಯವೂ ಉಳಿದಿಲ್ಲ: ಕಾವೇರಿ ಹೋದಳು, ಲಕ್ಷ್ಮಿ ಬಂದಳು. ಒಂದರ ಹಿಂದೆ ಒಂದು ನಡೆದದ್ದಕ್ಕೆ ಮೊದಲನೆಯದೇ ಕಾರಣ ಎಂದುಕೊಳ್ಳುವ ತಪ್ಪಿಗೆ ನಿಮ್ಮ ಶಾಸ್ತ್ರದಲ್ಲಿ ಹೆಸರಿದೆಯಲ್ಲ, ನೀನೇ ಒಮ್ಮೆ ನನಗೆ ಹೇಳಿದ್ದೆ. ಆ ತಪ್ಪನ್ನು ನೀನೇ ಬಿತ್ತಿ, ಬೆಳೆ ನೋಡದೆ ಹೊರಟುಹೋದೆ. ಹೋಗುವಾಗ ಸಾಲಿನವರಿಗೆಲ್ಲ ಒಂದೊಂದು ಕೊಡೆ ಹಂಚಿಸಿದ್ದಾಗಿ ಲೇಖನದಲ್ಲೇ ಬರೆದಿದ್ದೀಯ. ಯಾವುದೋ ಬೀಜದ ಕಂಪನಿಯವರು ಕೊಟ್ಟಿರಬೇಕೆಂದು ಅವರು ತಿಳಿದಿದ್ದಾರೆ. ಕಾವೇರಿಗೆ ಕೊಡೆಯೂ ಸಿಗಲಿಲ್ಲ, ಆಗ ಅವಳು ಸಾಲಿನಲ್ಲಿ ಇರಲಿಲ್ಲವಲ್ಲ. ಸೇತುವೆಯ ಆಚೆ ಇಳಿಜಾರು, ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ನಾನು ಹೋದಾಗ ತಲೆಗೆ ಸೆರಗು ಹೊದ್ದು ಬಿಸಿಲಲ್ಲಿ ಕೂತಿದ್ದಳು, ಹಣ್ಣಿನ ಸಿಪ್ಪೆ ಕಪ್ಪಾಗಿತ್ತು. ಹೀಗೇ ಆದರೆ ಸಂಕ್ರಾಂತಿಯ ಹೊತ್ತಿಗೆ ಬುಟ್ಟಿ ಮಾರಿ ಇಟ್ಟಿಗೆ ಭಟ್ಟಿಗೆ ಹೋಗುತ್ತಾಳಂತೆ.

ಸುಳ್ಳು ಗಿರಾಕಿಗಳ ಸಂಗತಿಯನ್ನು ಅತ್ತೆಗೆ ಬಿಡಿಸಿ ಹೇಳಿದೆ. ಅವಳು ನಕ್ಕುಬಿಟ್ಟಳು. "ನಮ್ಮ ಆನಂದ ನನ್ನ ಬೋಣಿ ಮುರೀತಾನ? ಪುಸ್ತಕ ಓದಿ ಓದಿ ನಿನ್ನ ತಲಿ ಕೆಟ್ಟದ ಮಲ್ಲಿ, ಕಥಿ ಕಟ್ಟಬ್ಯಾಡ." ನಿನಗೆಂದು ಎರಡು ಹಣ್ಣು ಬೇರೆ ಎತ್ತಿಟ್ಟಳು. "ಪ್ರೊಫೆಸರ್ ಆಗ್ಯಾನಂತ, ಸಿಪ್ಪಿ ಸುಲಿಯಾಕ ಇನ್ನೂ ಬರ್ತದೋ ಇಲ್ಲೋ!" ಸೇತುವೆಯ ಆಚೆ ಹೋಗಿ ಹೇಳಿದಾಗ ಕಾವೇರಿ ಮಾತ್ರ ನಗಲಿಲ್ಲ. "ಅಕ್ಕಾರ, ನೀವು ಹೇಳೂದು ಖರೇನs ಇರಬೇಕು. ಆದ್ರ ನನ್ನ ಮ್ಯಾಲಿನ ಕನಿಕರಕ್ಕ ಹೇಳಾಕತ್ತೀರಿ ಅಂತಾರ್ರಿ ಅವರು. ಕಳಿಸಿದಾಂವನs ಬಂದು ಹೇಳಿದ್ರ ಬ್ಯಾರೆ."

ಇಷ್ಟು ಬೈದರೂ ನನ್ನ ಸಿಟ್ಟು ಇಳಿದಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟು ಬೇರೆ, ಅದು ಬೇರೆ. ರೇವತಿಗೆ ನನ್ನ ಪ್ರೀತಿ ಹೇಳು. ಶರಣಬಸವಪ್ಪ ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಅದು ನಿನ್ನಲ್ಲಿ ಇದ್ದದ್ದೇ, ಮತ್ತೆ ಕೊಡಲಿ.

ನಿನ್ನ ಕೈಗುಣವನ್ನು ಇನ್ನೂ ನಂಬಿರುವ ಅಕ್ಕ,
ಮಲ್ಲಿಕಾ

ತಾ.ಕ.: ಈ ತಿಂಗಳ ಕೊನೆಯ ಶುಕ್ರವಾರ ನಿನ್ನ ಸೆಮಿನಾರ್ ಇಲ್ಲೇ ಕಲಬುರಗಿಯಲ್ಲಿ ಅಲ್ಲವೇ? ಗುರುವಾರವೇ ಬಾ, ನಮ್ಮ ಮನೆಯಲ್ಲೇ ಮಲಗು. ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಕಮಲಾಪುರಕ್ಕೆ ಹೋಗೋಣ. ಸಾಲಿನವರೆಲ್ಲರ ಎದುರು, ಅತ್ತೆಯ ಮುಖ ನೋಡಿ, ಆ ಗಿರಾಕಿಗಳನ್ನು ಕಳಿಸಿದವನು ನಾನೇ ಎಂದು ಹೇಳು. ಕಾವೇರಿಯ ಬುಟ್ಟಿಯನ್ನು ನಿನ್ನ ಕೈಯಿಂದಲೇ ಎತ್ತಿ ತಂದು ಅತ್ತೆಯ ಮಗ್ಗುಲಲ್ಲಿಟ್ಟು, ಅವಳ ಬೋಣಿ ನೀನು ಮಾಡು. ಹನ್ನೊಂದಕ್ಕೆ ನಿನ್ನ ವೇದಿಕೆಗೆ ತಂದು ಬಿಡುವ ಜವಾಬ್ದಾರಿ ನನ್ನದು. ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಜೀನತ್ ಡಬ್ಬಿ ವಾಪಸ್ ಕೊಡಲು ಬಂದಳು. ಅವಳ ಗಂಡನದು ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಬಟ್ಟೆ ಅಂಗಡಿ, ಬೋಣಿಯ ಸಂಗತಿ ಅವಳಿಗೆ ಬಿಡಿಸಿ ಹೇಳಬೇಕಿಲ್ಲ. ಎಲ್ಲವನ್ನೂ ಕೇಳಿ, ಬಾಗಿಲಲ್ಲೇ ನಿಂತು ಅಂದಳು: "ನಿಮ್ಮ ಭಾಯಿಗ ಬರೀರಿ ಅಕ್ಕಾ, ನಸುಕಿನ್ಯಾಗs ಬರ್ಲಿ, ಆಕಿ ಕೇಳಿದಷ್ಟು ಕೊಡ್ಲಿ. ಹೊತ್ತು ಏರಿಸಿ ಬಂದ್ರ ಅಂವ ಯಾರೂ ಅಲ್ರಿ, ಬರೇ ಗಿರಾಕಿ."